ಜಿಐಎಸ್‌ನಲ್ಲಿ (ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಸ್ಥಳಗಳ ಮಾಹಿತಿಯನ್ನು ನಕ್ಷೆಯೊಂದಿಗೆ ಜೋಡಿಸುವ ಕಂಪ್ಯೂಟರ್ ವ್ಯವಸ್ಥೆ) ಪ್ರಾದೇಶಿಕ ವಿಶ್ಲೇಷಣೆ ಎಂದರೇನು? ಬರೀ ನಕ್ಷೆ ನೋಡುವುದಕ್ಕಿಂತ ಅದು ಹೇಗೆ ಬೇರೆ?

ಯಾವುದು ಎಲ್ಲಿದೆ ಎಂಬ ಮಾಹಿತಿಯನ್ನೇ ಲೆಕ್ಕಕ್ಕೆ ಹಚ್ಚಿ, ನಕ್ಷೆಯಲ್ಲಿ ನೇರವಾಗಿ ಕಾಣದ ಉತ್ತರವನ್ನು ಪಡೆಯುವುದೇ ಪ್ರಾದೇಶಿಕ ವಿಶ್ಲೇಷಣೆ (ಸ್ಪೇಷಿಯಲ್ ಅನಾಲಿಸಿಸ್). ನಕ್ಷೆ ಸ್ಥಳವನ್ನು ತೋರಿಸುತ್ತದೆ. ವಿಶ್ಲೇಷಣೆ ದೂರ, ನೆರೆಹೊರೆ, ಇಳಿಜಾರುಗಳನ್ನು ಅಳೆಯುತ್ತದೆ.

ಇದು ಸಾಧ್ಯವಾಗುವುದು ಪ್ರತಿ ಮಾಹಿತಿಗೂ ಅಕ್ಷಾಂಶ, ರೇಖಾಂಶಗಳ ವಿಳಾಸ ಇರುವುದರಿಂದ. ಹಾಗಾಗಿ ಬೇರೆ ಬೇರೆ ಮಾಹಿತಿಯನ್ನು ಪದರಗಳಂತೆ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಬಹುದು.

ಬೆಂಗಳೂರನ್ನೇ ನೋಡಿ. ಕೋರಮಂಗಲದ ಕಡೆಯ ಮಳೆನೀರು ರಾಜಕಾಲುವೆಗಳಲ್ಲಿ ಹರಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ ಸೇರುತ್ತದೆ. ಕಾಲುವೆಗಳದ್ದು ಒಂದು ಪದರ, ನೆಲದ ಎತ್ತರದ್ದು ಇನ್ನೊಂದು, ಮನೆಗಳದ್ದು ಮತ್ತೊಂದು. ಈಗ ಕೇಳಿ: ಕಾಲುವೆಯಿಂದ 30 ಮೀಟರ್ ಒಳಗೆ, ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವ ಮನೆಗಳು ಯಾವುವು? ತಂತ್ರಾಂಶ ಕಾಲುವೆಯ ಎರಡೂ ಬದಿಗೆ 30 ಮೀಟರ್ ಪಟ್ಟಿ ಎಳೆಯುತ್ತದೆ (ಇದಕ್ಕೆ ಬಫರ್ ಎನ್ನುತ್ತಾರೆ), ಎತ್ತರದ ಪದರದೊಂದಿಗೆ ತಾಳೆ ನೋಡುತ್ತದೆ, ಮನೆಗಳನ್ನು ಆರಿಸಿ ಕೊಡುತ್ತದೆ. ಜೋರು ಮಳೆಗೆ ಮೊದಲೇ ಯಾರನ್ನು ಎಚ್ಚರಿಸಬೇಕೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಪದರಗಳು ಮಾತ್ರ ಸರಿಯಾಗಿ ಕೂರಲೇಬೇಕು. ಹಳೆಯ ಗ್ರಾಮನಕ್ಷೆಯನ್ನು ಹೊಂದಿಸುವಾಗ ಹತ್ತು ಮೀಟರ್ ಜರುಗಿದರೂ ಕಾಲುವೆ ಯಾರದೋ ಅಡುಗೆಮನೆಯೊಳಗೆ ಹರಿಯುತ್ತಿರುವಂತೆ ಕಾಣುತ್ತದೆ.