ಬುಡಕಟ್ಟು ಜನರ ಬಗ್ಗೆ ಪಿಎಚ್‌ಡಿ ಮಾಡಿದರೆ ಆ ಜನರಿಗೆ ಏನು ಸಿಗುತ್ತದೆ?

ನಿಜ ಹೇಳಬೇಕೆಂದರೆ, ಜಾಸ್ತಿ ಸಲ ಏನೂ ಸಿಗುವುದಿಲ್ಲ. ನಮಗೆ ಡಿಗ್ರಿ ಸಿಗುತ್ತದೆ. ಸೋಲಿಗ ಬುಡಕಟ್ಟಿನವರ ಬಗ್ಗೆ ಪಿಎಚ್‌ಡಿ ಕೆಲಸ ಶುರು ಮಾಡುವ ಮುಂಚೆಯೇ ನೀವು ಇದನ್ನು ಕೇಳುತ್ತಿದ್ದೀರಿ. ನನಗೆ ಇದು ಹೊಳೆದದ್ದು ತಡವಾಗಿ, ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ ನಲವತ್ತು ಪ್ರಶ್ನೆಗಳ ಫಾರಂ ಹಿಡಿದು ಕೂತಾಗ. (ಸೋಲಿಗರ ಊರಿಗೆ ಪೋಡು ಅನ್ನುತ್ತಾರೆ.) ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಮನೆಯ ಅಜ್ಜ, "ಹೋದ ವರ್ಷ ಬಂದೋರೂ ಇದನ್ನೇ ಬರ್ಕೊಂಡು ಹೋದ್ರು. ಅವ್ರ ಹತ್ರಾನೇ ಇಸ್ಕೊಳ್ಳಿ" ಅಂದರು. ಸಿಟ್ಟಿನಿಂದಲ್ಲ, ಸುಮ್ನೆ. ಆಮೇಲೆ ಎದ್ದು ಬೇಲಿ ಕಟ್ಟಲು ಹೋದರು.

ಫಾರಂ ಮಡಚಿ ನಾನೂ ಹಿಂದೆ ಹೋದೆ. ಬೇಲಿಗೆ ಹಾಕುತ್ತಿದ್ದದ್ದು ಲಂಟಾನದ ಕಡ್ಡಿ, ಕಾಡಿನಲ್ಲೆಲ್ಲ ಹಬ್ಬುವ ಕಳೆ ಪೊದೆ ಅದು. "ನಮ್ಮ ಕಾಲ್ದಲ್ಲಿ ಇದು ಇಷ್ಟಿರ್ಲಿಲ್ಲ" ಅಂದರು. ಅಲ್ಲಿಂದ ಶುರುವಾದ ಮಾತು ಸಂಜೆಯಾದರೂ ಮುಗಿಯಲಿಲ್ಲ.

ಅಜ್ಜ ಹೇಳಿದ್ದು ಇದು. ಮೊದಲೆಲ್ಲ ಬೇಸಿಗೆ ಏರುವ ಮುಂಚೆ ಸೋಲಿಗರು ಕಾಡಿನ ಒಣಗಿದ ಎಲೆಗೆ ಸಣ್ಣದಾಗಿ ಬೆಂಕಿ ಹಾಕುತ್ತಿದ್ದರು. ಇದೇ ತರಗು ಬೆಂಕಿ. ನೆಲದ ಮೇಲಷ್ಟೇ ಓಡುವ ಬೆಂಕಿ. ಲಂಟಾನದ ಸಸಿ ಅದರಲ್ಲೇ ಸಾಯುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿ ನಿಂತಿತು, ಲಂಟಾನ ಆಳೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ನೆಲದಲ್ಲಿ ನಿಲ್ಲುವುದಿಲ್ಲ, ಮರ ಹತ್ತುತ್ತದೆ. ನೆಲ್ಲಿ ಮರದ ಕಥೆಯೂ ಹೀಗೆಯೇ. ಸೋಲಿಗರು ಕಾಯಿ ಕಿತ್ತು ಮರ ಹಾಳಾಗುತ್ತಿದೆ ಅಂತ ಹೊರಗಿನವರು ನಂಬಿದ್ದರು. ಸೋಲಿಗರು ಬೆರಳು ತೋರಿಸಿದ್ದು ಬಂದಳಿಕೆಯ ಕಡೆಗೆ, ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡದ ಕಡೆಗೆ. ಅವರ ಬಾಯಲ್ಲಿ ಅದು ಉಪ್ಪಿಲು. ಆಮೇಲೆ ಸಂಶೋಧಕರೂ ಇವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಕೆಲಸ ಮಾಡಿದರು. ನನ್ನ ಫಾರಂನಲ್ಲಿ ಲಂಟಾನದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ ನೋಡಿ. ನಾವು ಅವರ ಮಾತನ್ನು ಮಾಹಿತಿ ಅಂತ ಬರೆದುಕೊಳ್ಳುತ್ತೇವೆ. ಅದರಲ್ಲಿ ಒಂದು ವಾದವೇ ಇರುತ್ತದೆ ಅಂತ ನಮಗೆ ಅನ್ನಿಸುವುದೇ ಇಲ್ಲ.

ಹಾಗಂತ ಎಲ್ಲ ಸಂಶೋಧನೆಯೂ ದಂಡ ಅಲ್ಲ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರ ಜೊತೆ ಸೋಲಿಗರೇ ಕಾಡು ಸುತ್ತಿ, ಜಿಪಿಎಸ್ ಹಿಡಿದು ತಮ್ಮ ಎಲ್ಲೆಗಳ ನಕ್ಷೆ ಮಾಡಿದರು. ಒಂದೊಂದು ಕುಲಕ್ಕೂ ಅದರದೇ ಎಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಅವರ ಪವಿತ್ರ ಜಾಗಗಳು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಇದ್ದ ಕಡೆ ನೂರಾರು ಹೆಸರು ಬಂದವು. 2011ರಲ್ಲಿ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿ ಇದ್ದ ಕಡೆ ಜನರೂ ಇರಬಹುದು ಅನ್ನುವುದನ್ನು ಕಾಗದದ ಮೇಲೆ ತರುವುದು ಸಣ್ಣ ಮಾತಲ್ಲ.

ಇನ್ನೊಂದು ವಿಷಯ. ಅಲ್ಲಿನ ಬೆಟ್ಟದ ದೇವರು ರಂಗಸ್ವಾಮಿಯನ್ನು ಸೋಲಿಗರು ಭಾವ ಅನ್ನುತ್ತಾರೆ, ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು ಅಂತ. ಇದನ್ನು "ಸೋಲಿಗರು ವಿಷ್ಣುಭಕ್ತರು" ಅಂತ ಬರೆದು ಮುಗಿಸಬೇಡಿ. ಭಾವ ಬೇರೆ, ಭಕ್ತಿ ಬೇರೆ, ಅಲ್ವಾ?

ಮತ್ತೆ, ಬರೆದದ್ದನ್ನು ಸಲ್ಲಿಸುವ ಮುಂಚೆ ಪೋಡಿಗೆ ತಗೊಂಡು ಹೋಗಿ ಓದಿ ಹೇಳಿ. ನಾನು ಎರಡು ವರ್ಷ ಬಿಟ್ಟು ಹೋದೆ. ಥೀಸಿಸ್ ಇಂಗ್ಲಿಷಿನಲ್ಲಿತ್ತು, ಕೂತು ಕನ್ನಡ ಮಾಡಿ ಹೇಳಿದೆ. ಒಂದು ಕುಲದ ಹೆಸರನ್ನು ಉದ್ದಕ್ಕೂ ತಪ್ಪಾಗಿ ಬರೆದಿದ್ದೆ. ಒಲೆ ಮುಂದೆ ಕೂತಿದ್ದ ಅಕ್ಕ ಮೊದಲ ಪುಟದಲ್ಲೇ ಹಿಡಿದರು. ಅಷ್ಟು ಹೊತ್ತಿಗೆ ಅದು ಲೈಬ್ರರಿ ಸೇರಿಯಾಗಿತ್ತು.