ಸಂಪಾದಕರ ಉತ್ತರ: ಪತ್ರಾಸಿನ ಶೆಡ್ಡಿನ ಅರವತ್ತು ಕಮಾನ್ ಪಟ್ಟಿ

ಕಲಬುರಗಿಯಿಂದ ಒಬ್ಬ ಅಕ್ಕ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದಲ್ಲಿ ಇರುವುದು ಇಷ್ಟು:

"ನಮ್ಮ ಮನೆಯವರು ಆರು ವರ್ಷದಿಂದ ಚಾಕು ಮಾಡುತ್ತಾರೆ. ಅಡುಗೆಮನೆ ಚಾಕು, ಈಳಿಗೆ, ಮಟನ್ ಅಂಗಡಿಯವರಿಗೆ ಕತ್ತಿ. ಕೆಲಸ ಚೆನ್ನಾಗಿದೆ, ತಿಂಗಳಿಗೆ ನಾಲ್ಕು ಹೋಗುತ್ತವೆ. ಆದರೆ ಹಿತ್ತಲಿನ ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿ ಈಗ ಕಾಲಿಡಲು ಜಾಗ ಇಲ್ಲ. ಲಾರಿಯ ಕಮಾನ್ ಪಟ್ಟಿಗಳೇ (ಭಾರ ಹೊರುವ ಸ್ಪ್ರಿಂಗಿನ ಪಟ್ಟಿಗಳು) ಅರವತ್ತು ಇವೆ, ನಾನೇ ಎಣಿಸಿದೆ. ಬೇರಿಂಗು, ಹಳೆ ಅರ, ಗರಗಸ, ಕಟ್ಟಿಗೆ ತುಂಡು, ಅಂಟಿನ ಡಬ್ಬಿ, ಇವಕ್ಕೆ ಲೆಕ್ಕವೇ ಇಲ್ಲ. ಯಾರೋ ಕೊಟ್ಟ ಜಿಂಕೆ ಕೊಂಬೂ ಒಂದಿದೆ. ಕೇಳಿದರೆ 'ಮುಂದೆ ಬೇಕಾಗತದ' ಅಂತಾರೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪು ಮಾಡಿಕೊಟ್ಟೆ. ಎರಡು ದಿನ ಮಾತಾಡಲಿಲ್ಲ. ಇದು ಉದ್ಯೋಗವೋ, ಚಟವೋ? ಗುಜರಿಯವನನ್ನು ಕರೆಸಲೇ?"

ಅಕ್ಕಾರೆ, ಗುಜರಿಯವನನ್ನು ಈಗಲೇ ಕರೆಸಬೇಡಿ. ಸ್ವಲ್ಪ ತಡೆಯಿರಿ.

ನಾನು ಕಮ್ಮಾರರ ಮನೆಯಲ್ಲಿ ಹುಟ್ಟಿದವನು. ಯಾದಗಿರಿ ಕಡೆಯ ಹಳ್ಳಿ. ಅಪ್ಪನ ಕುಲುಮೆಯ ಹಿಂದೆ ಒಂದು ತಗ್ಗು ಇತ್ತು, ಅದರ ತುಂಬ ಕಬ್ಬಿಣ. ಮುರಿದ ಕುಂಟೆಯ ಕುಡ, ಬಂಡಿ ಗಾಲಿಯ ಪಟ್ಟಿ, ಸವೆದ ಕೊಡಲಿ. ಅವ್ವ ನಿಮ್ಮ ಹಾಗೆಯೇ ಕೇಳುತ್ತಿದ್ದಳು. ಅಪ್ಪನಿಗೆ ಕಾರಣ ಇತ್ತು. ಅವರು 1972ರ ಬರ ಕಂಡವರು. ಆ ಮೇಲೂ ಬಹಳ ವರ್ಷ ದೊಡ್ಡ ಕಾರ್ಖಾನೆಗಳ ಉಕ್ಕಿನ ಬೆಲೆ, ಹಂಚಿಕೆ ಎರಡೂ ಸರಕಾರದ ಹಿಡಿತದಲ್ಲಿದ್ದವು. ಅದು ಸಡಿಲಾದದ್ದು 1992ರಲ್ಲಿ. ಅಲ್ಲಿಯವರೆಗೆ ಹಳ್ಳಿಯ ಕಮ್ಮಾರನಿಗೆ ಒಳ್ಳೆಯ ಉಕ್ಕು ಬೇಕೆಂದಾಗ ಸಿಗುತ್ತಿರಲಿಲ್ಲ. ಸಿಕ್ಕಾಗ ಎತ್ತಿಡಬೇಕಿತ್ತು. ಆ ಭಯ ಕೈಯಿಂದ ಕೈಗೆ ಇಳಿದು ಬಂದಿದೆ. ನಿಮ್ಮ ಯಜಮಾನರು ಹೊಸಬರಾಗಿದ್ದರೂ ಅವರಿಗೆ ಕೆಲಸ ಕಲಿಸಿದ ಯಾರಾದರೂ ಹಳಬರು ಇದ್ದೇ ಇರುತ್ತಾರೆ, ಅಲ್ವಾ?

ಲಕ್ಕಮ್ಮನ ಮಾತಿಗೆ ಬರುತ್ತೇನೆ. ಕಲ್ಯಾಣದಲ್ಲಿ, ಅಂದರೆ ನಮ್ಮ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಲಕ್ಕಮ್ಮನ ಗಂಡ ಮಾರಯ್ಯ ದಿನಾ ಆಯ್ದು ತರುತ್ತಿದ್ದುದಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಎಂದಳು. ನಾನು ತಲೆಬಾಗುವ ಕಥೆ ಅದು. ಆದರೆ ಅಕ್ಕಿ ಅಂದಿನ ಊಟದ ವಸ್ತು. ನಾಳೆಯ ಅಕ್ಕಿ ನಾಳೆ ಸಿಗುತ್ತದೆ ಎಂಬ ನಂಬಿಕೆ ಅಲ್ಲಿ ಸಾಕು. ಹಿಡಿಕೆಯ ಕಟ್ಟಿಗೆಗೆ ಈ ಮಾತು ಒಗ್ಗುವುದಿಲ್ಲ. ಇವತ್ತು ಕಡಿದ ಕಟ್ಟಿಗೆಯನ್ನು ಇವತ್ತೇ ಹಿಡಿಕೆಗೆ ಹಾಕಿದರೆ ಚಾಕು ಹಾಳು. ಅದಕ್ಕೆ ನಮ್ಮ ಸೀಮೆಯದೇ ಇನ್ನೊಂದು ಹೋಲಿಕೆ ಇದೆ. ಹಗೇವು. ಹಿರಿಯರು ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಅದನ್ನು ಯಾರೂ ಆಸೆ ಎನ್ನಲಿಲ್ಲ, ಚಟ ಎನ್ನಲಿಲ್ಲ. ಬರಗಾಲದ ಬುತ್ತಿ ಅದು. ಆದರೆ ಒಂದು ಮಾತು. ಯಾವ ಹಗೇವಿನಲ್ಲಿ ಯಾವ ವರ್ಷದ ಜೋಳ ಇದೆ ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು.

ನನ್ನ ಪ್ರಶ್ನೆ ಅದೇ. ಶೆಡ್ಡಿನಲ್ಲಿ ಏನಿದೆ ಎಂದು ನಿಮ್ಮ ಯಜಮಾನರಿಗೆ ಗೊತ್ತಿದೆಯೇ?

ಮೊದಲು ಕಮಾನ್ ಪಟ್ಟಿಗಳ ಲೆಕ್ಕ ಹಾಕೋಣ. ಒಂದು ಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಪಟ್ಟಿ ಸುಮಾರು 4 ಕಿಲೊ 400 ಗ್ರಾಂ ತೂಗುತ್ತದೆ. ಬಡಿಯುವಾಗ, ಸಾಣೆ ಹಿಡಿಯುವಾಗ ಹೋಗುವುದನ್ನು ಸೇರಿಸಿ ಒಂದು ಅಡುಗೆ ಚಾಕುವಿಗೆ ಅರ್ಧ ಕಿಲೊ ಹಿಡಿಯಿರಿ. ಒಂದು ಪಟ್ಟಿಗೆ ಎಂಟು ಚಾಕು. ಅರವತ್ತು ಪಟ್ಟಿಗೆ 480. ತಿಂಗಳಿಗೆ ನಾಲ್ಕರಂತೆ ಹತ್ತು ವರ್ಷದ ಕೆಲಸ ಅದು. ಹತ್ತು ವರ್ಷ ಕಲಬುರಗಿಯಲ್ಲಿ ಕಮಾನ್ ಪಟ್ಟಿ ಸಿಗುವುದಿಲ್ಲವೇ? ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನ ಪರಸಿ ಗಣಿಗಳು ಇರುವ ಜಿಲ್ಲೆ ಇದು. ಲಾರಿ ಓಡುವವರೆಗೆ ಕಮಾನ್ ಪಟ್ಟಿ ಮುರಿಯುತ್ತದೆ, ಮುರಿದದ್ದು ಗುಜರಿಗೆ ಬರುತ್ತದೆ. ಊರಿನಲ್ಲೇ ಸಿಗುವ ಮಾಲನ್ನು ಹತ್ತು ವರ್ಷಕ್ಕೆ ಆಗುವಷ್ಟು ಮನೆಯಲ್ಲಿಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಕಡೆ.

ಇನ್ನೊಂದು ತೊಂದರೆಯೂ ಇದೆ. ಎಲ್ಲ ಕಮಾನ್ ಪಟ್ಟಿಯೂ ಒಂದೇ ಉಕ್ಕಲ್ಲ. ಕೆಲವು ಸಿಲಿಕಾನ್ ಜಾಸ್ತಿ ಇರುವ ಇಎನ್ 45 ಎಂಬ ಸ್ಪ್ರಿಂಗ್ ಉಕ್ಕು, ಕೆಲವು ಕ್ರೋಮಿಯಂ ಬೆರೆತವು. ಹದ ಹಾಕುವ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಕಾವು, ಎಣ್ಣೆಗೆ ಅದ್ದಿದಾಗ ಅದು ನಡೆದುಕೊಳ್ಳುವ ರೀತಿ ಒಂದೊಂದಕ್ಕೆ ಒಂದೊಂದು ಥರ. ಮೇಲಾಗಿ ಹಳೆಯ ಪಟ್ಟಿ ಲಾರಿಯ ಕೆಳಗೆ ಲಕ್ಷಾಂತರ ಸಲ ಬಾಗಿ ಬಂದದ್ದು. ಕೂದಲೆಳೆಯಂಥ ಬಿರುಕು ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಚಾಕು ಪೂರ್ತಿ ತಯಾರಾಗಿ ಎಣ್ಣೆಗೆ ಹೋದಾಗ "ಟಣ್" ಎನ್ನುತ್ತದೆ. ಎರಡು ದಿನದ ದುಡಿಮೆ ಅಲ್ಲಿಗೆ ಮುಗಿಯಿತು. ಹಾಗಾಗಿ ಅರವತ್ತು ಊರಿನ ಅರವತ್ತು ಪಟ್ಟಿಗಿಂತ ಒಂದೇ ಜಾತಿಯ ಹೊಸ ಉಕ್ಕಿನ ಹತ್ತು ಪಟ್ಟಿ ಮೇಲು. ಒಮ್ಮೆ ಅದರ ಹದ ಕಲಿತರೆ ಹತ್ತೂ ಪಟ್ಟಿಗೆ ಅದೇ ಹದ. ಇಂಥ ದಾಸ್ತಾನನ್ನು ನಾನು ಒಪ್ಪುತ್ತೇನೆ. ಹಣ ಇದ್ದರೆ ಅದನ್ನು ಕೊಳ್ಳಲಿ.

ಈಗ ಅಪ್ಪನ ತಗ್ಗಿನ ಕಥೆ ಹೇಳಬೇಕು. ಅದರಲ್ಲಿ ಒಂದು ಪಟ್ಟಿ ಇತ್ತು. ಅಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ಬೇರೆ ಇಟ್ಟಿದ್ದರು. "ಇದು ಒಳ್ಳೇ ಮಾಲು" ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನು ತಗ್ಗು ತೆಗೆಸಿದೆ. ಗೋಣಿ ಕೊಳೆತು ಹೋಗಿತ್ತು. ಒಂದೇ ಥರ ತುಕ್ಕು ಹಿಡಿದ ನಾಲ್ಕು ಪಟ್ಟಿ ಸಿಕ್ಕವು. ಯಾವುದು ಆ ಪಟ್ಟಿ? ಅಂದಾಜಿನ ಮೇಲೆ ಒಂದನ್ನು ಆರಿಸಿ, ಪರಿಚಯದ ಕಮ್ಮಾರರಿಗೆ ಕೊಟ್ಟು ಅವ್ವನ ಹೆಸರಿನಲ್ಲಿ ಒಂದು ಕುಡಗೋಲು ಮಾಡಿಸಿದೆ. ಜೋಳದ ದಂಟಿಗೆ ಹಾಕಿದರೆ ಬಾಯಿ ಮಡಚಿಕೊಂಡಿತು. ಅದು ಮೆತ್ತನೆಯ ಕಬ್ಬಿಣ. ಉಳಿದ ಮೂರರಲ್ಲಿ ಅಪ್ಪನ ಒಳ್ಳೇ ಮಾಲು ಇದ್ದಿರಬೇಕು. ಆದರೆ ಅಷ್ಟರಲ್ಲಿ ನಾನು ಅವನ್ನು ತೂಕಕ್ಕೆ ಹಾಕಿಬಿಟ್ಟಿದ್ದೆ. ಇದನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಅಪ್ಪನ ದಾಸ್ತಾನು ತಗ್ಗಿನಲ್ಲಿ ಇರಲಿಲ್ಲ, ಅವರ ತಲೆಯಲ್ಲಿತ್ತು.

ಅದಕ್ಕೇ ಹೇಳುತ್ತೇನೆ, ಒಂದು ಡಬ್ಬಿ ಬಿಳಿ ಪೇಂಟ್ ತನ್ನಿ. ಪ್ರತಿ ಪಟ್ಟಿಯ ತುದಿಯಿಂದ ಎರಡು ಬೆರಳಷ್ಟು ತುಂಡು ಕತ್ತರಿಸಲಿ. ಮೊದಲು ಗ್ರೈಂಡರಿಗೆ ಹಿಡಿದು ಕಿಡಿ ನೋಡಲಿ. ಮೆತ್ತನೆಯ ಕಬ್ಬಿಣದ ಕಿಡಿ ಉದ್ದಕ್ಕೆ, ನೇರವಾಗಿ ಹೋಗುತ್ತದೆ. ಇಂಗಾಲ ಹೆಚ್ಚಿದ್ದರೆ ಸುರುಸುರು ಬತ್ತಿಯ ಹಾಗೆ ಹೂವಾಗಿ ಒಡೆಯುತ್ತದೆ. ಆಮೇಲೆ ತುಂಡನ್ನು ಕಾಯಿಸಲಿ. ಸುಮಾರು 770 ಡಿಗ್ರಿಗೆ ಅಯಸ್ಕಾಂತ ಹಿಡಿಯುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಒಯ್ದು ಎಣ್ಣೆಗೆ ಹಾಕಲಿ. ಆರಿದ ಮೇಲೆ ಅರ ಎಳೆದು ನೋಡಲಿ. ಅರ ಜಾರಿದರೆ ಗಟ್ಟಿಯಾಗಿದೆ, ಕಚ್ಚಿದರೆ ಇಲ್ಲ. ಕೊನೆಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಮುರಿಯಲಿ. ಬಾಗಿದರೆ ಆ ಪಟ್ಟಿ ಚಾಕುವಿಗೆ ಆಗದು. ಒಳಗೆ ನಯವಾದ ಬೂದು ಬಣ್ಣ ಕಂಡರೆ ಅದು ಮಾಲು. ಬೀದರಿನ ಬಿದರಿ ಕೆಲಸದವರು ಕೋಟೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡಿ ಆರಿಸುತ್ತಾರೆ. ಆ ಮಣ್ಣು, ನವಸಾಗರ ಸೇರಿಸಿ ಕಾಯಿಸಿದ ನೀರಿನಲ್ಲಿ ಸತು-ತಾಮ್ರದ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೋಟೆಯದೇ ಮಣ್ಣಾದರೂ ಅವರು ಪರೀಕ್ಷಿಸದೆ ತರುವುದಿಲ್ಲ.

ಪರೀಕ್ಷೆ ಮುಗಿದ ಪಟ್ಟಿಯ ಮೇಲೆ ನಂಬರ್ ಬರೆದು, ಎಲ್ಲಿಂದ ಬಂತು, ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ನೋಟ್‌ಬುಕ್ಕು ನೀವು ಬರೆದರೆ ಇನ್ನೂ ಒಳ್ಳೆಯದು. ಅರವತ್ತು ಪಟ್ಟಿ ಎಣಿಸಿದವರು ನೀವು. ಹದಿನೈದೋ ಇಪ್ಪತ್ತೋ ಉಳಿಸಿಕೊಂಡು, ಎಣ್ಣೆ ಸವರಿ, ನೆಲಕ್ಕೆ ತಾಗದಂತೆ ನಿಲ್ಲಿಸಿಡಿ. ಉಳಿದವಕ್ಕೆ ಗುಜರಿಯವನನ್ನು ಕರೆಸಿ.

ಕಟ್ಟಿಗೆಯನ್ನು ಮಾತ್ರ ಮುಟ್ಟಬೇಡಿ. ಶೆಡ್ಡಿನಲ್ಲಿ ದಿನ ಕಳೆದಂತೆ ಬೆಲೆ ಏರುವ ವಸ್ತು ಅದೊಂದೇ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಆರಬೇಕು ಎಂಬುದು ಬಡಿಗರ ಲೆಕ್ಕ. ಹಸಿ ಕಟ್ಟಿಗೆ ಹಿಡಿಕೆಯಾದ ಮೇಲೆ ಕುಗ್ಗುತ್ತದೆ, ಉಕ್ಕಿಗೂ ಅದಕ್ಕೂ ನಡುವೆ ಸಂದು ಬೀಳುತ್ತದೆ, ಸಂದಿಗೆ ನೀರು ಇಳಿದು ಒಳಗೇ ತುಕ್ಕು ಹಿಡಿಯುತ್ತದೆ. ನಮ್ಮ ಎಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಕೆಳಗೆ ಕೇಳುವುದೇ ಬೇಡ. ಅಲ್ಲಿ ಕಟ್ಟಿಗೆ ಬೇಗ ಆರಿ ತುದಿಯಿಂದ ಸೀಳುತ್ತದೆ. ಎರಡೂ ತುದಿಗೆ ಮೇಣವೋ ಪೇಂಟೋ ಬಳಿದು, ನೆರಳಿನಲ್ಲಿ ಗಾಳಿಯಾಡುವಂತೆ ಅಡ್ಡಪಟ್ಟಿ ಕೊಟ್ಟು ಒಟ್ಟಬೇಕು. ಕರಿಜಾಲಿ ಇದ್ದರೆ ಅದಕ್ಕಿಂತ ಒಳ್ಳೆಯದು ನಮ್ಮ ಎರೆ ಸೀಮೆಯಲ್ಲಿ ಸಿಗಲಾರದು. ನೇಗಿಲಿಗೆ, ಬಂಡಿಗೆ ನಮ್ಮವರು ನಂಬಿದ ಕಟ್ಟಿಗೆ. ಚೇಗಿನ ಭಾಗ ಇಡಲಿ, ಹೊರಗಿನ ಬಿಳಿ ಭಾಗ ತೆಗೆದುಬಿಡಲಿ. ಹುಳ ಮೊದಲು ಹಿಡಿಯುವುದು ಅದನ್ನೇ. ಒಂದು ತುಂಡಿನ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದು ಕಂಡರೆ ಆ ತುಂಡನ್ನು ಆವತ್ತೇ ಒಲೆಗೆ ಹಾಕಿ.

ಇನ್ನು ಇಟ್ಟಷ್ಟೂ ಸಾಯುವ ಸಾಮಾನು. ಎರಡು ಟ್ಯೂಬು ಬೆರೆಸಿ ಹಚ್ಚುವ ಅಂಟಿನ ಮೇಲೆ ದಿನಾಂಕ ಇರುತ್ತದೆ. ಶೆಡ್ಡಿನ ಸೆಕೆಯಲ್ಲಿ ಅದಕ್ಕೂ ಮೊದಲೇ ಕೆಡಬಹುದು. ಕೆಟ್ಟ ಅಂಟಿನ ಹಿಡಿಕೆ ಯಾರದೋ ಅಡುಗೆಮನೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಕಬ್ಬಿಣ ಕತ್ತರಿಸುವ ತೆಳ್ಳನೆಯ ಚಕ್ರದ ನಡುವಿನ ಲೋಹದ ಉಂಗುರದ ಮೇಲೂ ತಿಂಗಳು, ವರ್ಷ ಒತ್ತಿರುತ್ತಾರೆ. ತಯಾರಾಗಿ ಮೂರು ವರ್ಷಕ್ಕೆ ಅದರ ಆಯುಸ್ಸು ಮುಗಿಯಿತು. ಹಳೆಯದು ತಿರುಗುವಾಗ ಒಡೆದರೆ ಚೂರು ಮುಖಕ್ಕೆ ಬರುತ್ತದೆ. ಅವನ್ನು ಸುಮ್ನೆ ಮುರಿದು ಎಸೆಯಿರಿ, ಯಾರಿಗೂ ಕೊಡಬೇಡಿ.

ಜಿಂಕೆ ಕೊಂಬಿನ ಬಗ್ಗೆ ಕಟುವಾಗಿ ಹೇಳುತ್ತೇನೆ. ಅದು ಶೆಡ್ಡಿನಲ್ಲಿ ಇರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಎಂದರೂ ಅದರ ವ್ಯಾಪಾರಕ್ಕೆ ಅವಕಾಶ ಇಲ್ಲ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ ಒಪ್ಪಿಸಲಿ.

ನೀವು ಕೇಳದ ಇನ್ನೊಂದು ವಿಷಯ. ಹಿಡಿಕೆಗೆ ಅಗಸೆ ಎಣ್ಣೆ ಹಚ್ಚುತ್ತಾರೆಯೇ? ಹಚ್ಚಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕುತ್ತಾರೆಯೇ? ಆ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಕಡ್ಡಿ ಗೀರದೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅಂಥ ಬಟ್ಟೆಯನ್ನು ಹೊರಗೆ ಹಗ್ಗದ ಮೇಲೆ ಬಿಡಿಸಿ ಒಣಹಾಕಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ಪತ್ರ ಓದುತ್ತ ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದೇ. ನಿಮ್ಮ ಶೆಡ್ಡು ಮನೆಗೆ ಅಂಟಿಕೊಂಡೇ ಇದೆ ಎಂದು ನನ್ನ ಅಂದಾಜು.

ಉದ್ಯೋಗವೋ ಚಟವೋ ಎಂದು ಕೇಳಿದ್ದೀರಿ. ದೂರದಿಂದ ತೀರ್ಪು ಹೇಳಲಾರೆ, ಆದರೆ ಒಂದು ಗುರುತು ಹೇಳಬಲ್ಲೆ. ಅವರು ಯಾವಾಗ ಸಾಮಾನು ತರುತ್ತಾರೆ ನೋಡಿ. ಕೆಲಸ ಮುಗಿದು ಮಾಲು ಕಡಿಮೆಯಾದಾಗ ತಂದರೆ ಅದು ಉದ್ಯೋಗ. ಒಂದು ಚಾಕು ಎಣ್ಣೆಯಲ್ಲಿ ಬಿರುಕು ಬಿಟ್ಟ ದಿನ, ಗಿರಾಕಿ ಬೈದ ದಿನ, ಮನಸ್ಸು ಕುಗ್ಗಿದ ದಿನ ಗುಜರಿಗೆ ಹೋಗಿ ಹೊರೆ ಹೊತ್ತು ಬಂದರೆ, ಅವರಿಗೆ ಬೇಕಾಗಿರುವುದು ಉಕ್ಕಲ್ಲ. ಹೊರೆ ಇಳಿಸಿದಾಗ ಕೆಲಸ ಮಾಡಿದ ಸಮಾಧಾನ ಸಿಗುತ್ತದೆ. ಅಪ್ಪನಲ್ಲಿ ನಾನು ಇದನ್ನು ಕಂಡಿದ್ದೇನೆ. ಬೈದರೆ ಹೋಗುವುದಿಲ್ಲ. ಅಂಥ ದಿನ ಜೊತೆಗೆ ಕೂತು "ಆ ಚಾಕು ಯಾಕೆ ಬಿರುಕು ಬಿಟ್ಟಿತು?" ಎಂದು ಕೇಳಿ. ಎರಡು ದಿನ ಮಾತಾಡದೆ ಇದ್ದ ಮನುಷ್ಯ ಎರಡು ತಾಸು ಮಾತಾಡುತ್ತಾರೆ.

ನೋಟ್‌ಬುಕ್ಕು ಶುರುವಾದ ಮೇಲೆ ಒಂದು ಪತ್ರ ಹಾಕಿ, ಅಕ್ಕಾರೆ. ಅರವತ್ತರಲ್ಲಿ ಎಷ್ಟು ಗಟ್ಟಿ ಮಾಲು ಸಿಕ್ಕವು ಎಂದು ತಿಳಿಯುವ ಆಸೆ ಇದೆ. ಕಟ್ಟಿಗೆಯಲ್ಲಿ ಕರಿಜಾಲಿ ಇದೆಯೇ, ಯಾವ ವರ್ಷದ್ದು, ಅದನ್ನೂ ಬರೆಯಿರಿ.