ಕಾಳು ಗುಬ್ಬಿಗೆ, ಪಂಕ್ತಿ ಪಾರಿವಾಳದ್ದು

ಪ್ರಶ್ನೆ: ಕೈತೋಟದಲ್ಲಿ ಗುಬ್ಬಿಗಳಿಗೆಂದು ಅಗಲವಾದ ತಟ್ಟೆಯಲ್ಲಿ ಕಾಳು ಇಡುತ್ತಿದ್ದೇನೆ. ಮೊದಲ ವಾರ ನಾಲ್ಕೈದು ಗುಬ್ಬಿ ಬಂದವು. ಈಗ ಪಾರಿವಾಳಗಳದ್ದೇ ದರ್ಬಾರು, ಅವು ಬಿಟ್ಟರೆ ಕಾಗೆ. ಗುಬ್ಬಿಗಳು ಕಾಂಪೌಂಡ್ ಮೇಲೆ ಕೂತು ನೋಡಿ ಹಾರಿಹೋಗುತ್ತವೆ. ಪೊರಕೆ ಹಿಡಿದು ಓಡಿಸಿ ಓಡಿಸಿ ಸಾಕಾಯಿತು. ಏನು ಮಾಡಲಿ?

ಉತ್ತರ: ಮೊದಲು ಆ ಪೊರಕೆ ಒಳಗಿಡಿ. ಅದಕ್ಕೆ ಹೆದರುವುದು ಗುಬ್ಬಿ. ಪಾರಿವಾಳ ಎರಡು ಮಾರು ಹಾರಿ, ನೀವು ಬೆನ್ನು ತಿರುಗಿಸುವಷ್ಟರಲ್ಲಿ ವಾಪಸ್ಸು. ನಾನೂ ಒಂದು ಬೇಸಿಗೆಯೆಲ್ಲ ಚಪ್ಪಾಳೆ ತಟ್ಟಿ ಅಂಗೈ ಕೆಂಪು ಮಾಡಿಕೊಂಡವನೇ.

ತಪ್ಪು ನಿಮ್ಮ ತಟ್ಟೆಯದು. ಗುಬ್ಬಿಯ ತೂಕ 25–30 ಗ್ರಾಂ, ಪಾರಿವಾಳ 300 ಗ್ರಾಂ ದಾಟುತ್ತದೆ. ತನ್ನ ಹತ್ತು ಪಟ್ಟು ಇರುವವರ ಪಕ್ಕ ಎಲೆ ಹಾಕಿಕೊಂಡು ಕೂರಲು ಯಾರಿಗೆ ಧೈರ್ಯ ಬರುತ್ತದೆ? ಅದಕ್ಕೇ ಗುಬ್ಬಿಯ ಎಲೆಯನ್ನು ಪಂಜರದ ಒಳಗೆ ಹಾಕಬೇಕು. ಕಾಳು ತುಂಬಿ ತೂತು ಕೊರೆದ ಬಾಟಲಿಯೊಂದನ್ನು ನಡುವೆ ತೂಗುಹಾಕಿ, ಸುತ್ತ, ಮೇಲೆ, ಕೆಳಗೆ ತಂತಿ ಜಾಲರಿ ಕಟ್ಟಿ. ಜಾಲರಿಯ ಕಣ್ಣು 4 ಸೆಂಟಿಮೀಟರ್ ಇದ್ದರೆ ಗುಬ್ಬಿ ಸಲೀಸಾಗಿ ನುಸುಳುತ್ತದೆ, ಪಾರಿವಾಳ ಹೊರಗೇ. ಕತ್ತರಿಸಿದ ತಂತಿಯ ತುದಿಗಳನ್ನು ಇಕ್ಕಳದಿಂದ ಹಿಂದಕ್ಕೆ ಮಡಚುವುದನ್ನು ಮರೆಯಬೇಡಿ, ರೆಕ್ಕೆಗೆ ಚುಚ್ಚುತ್ತದೆ.

ನಾನು ಮೊದಲು ಕಟ್ಟಿದ ಪಂಜರ ಬಾಟಲಿಗೆ ಅಂಗಿ ತೊಡಿಸಿದ ಹಾಗಿತ್ತು. ಕಾಗೆ ಬಂದು ಜಾಲರಿಗೆ ಕಾಲು ಕೊಟ್ಟು, ಕತ್ತು ಓರೆ ಮಾಡಿ, ಕೊಕ್ಕು ಇಳಿಸಿ ತೂತಿನಿಂದಲೇ ಕಾಳು ಎಳೆಯಿತು. ಆಮೇಲೆ ತಿಳಿಯಿತು: ಜಾಲರಿಗೂ ಬಾಟಲಿಗೂ ನಡುವೆ 15 ಸೆಂಟಿಮೀಟರ್ ಆದರೂ ಜಾಗ ಬಿಡಬೇಕು. ಗುಬ್ಬಿ ಕೂರಲೆಂದು ತೂತಿನ ಕೆಳಗೆ ಸಿಕ್ಕಿಸುವ ಕಡ್ಡಿಯೂ ಗಿಡ್ಡವಿರಲಿ, 2 ಸೆಂಟಿಮೀಟರ್ ಸಾಕು. ಅಳಿಲಿಗೆ ಮಾತ್ರ ಈ ಪಂಜರ ಲೆಕ್ಕಕ್ಕಿಲ್ಲ, ಪುಟ್ಟ ಅಳಿಲಾದರೆ ಗುಬ್ಬಿಯ ಹಿಂದೆಯೇ ಒಳಗೆ ಬರುತ್ತದೆ. ನಾನು ಅದರ ಜೊತೆ ರಾಜಿಯಾಗಿದ್ದೇನೆ.

ಇಷ್ಟಾದರೂ ಪಾರಿವಾಳ ಹೋಗದಿದ್ದರೆ ನೆಲ ನೋಡಿ. ಗುಬ್ಬಿ ಬೇಡದ ಕಾಳನ್ನು ಕೊಕ್ಕಿನಿಂದ ಒದರಿ ಬೀಳಿಸುತ್ತದೆ, ಪಾರಿವಾಳಕ್ಕೆ ಕೆಳಗೆ ಎರಡನೇ ಪಂಕ್ತಿ. ಮಿಶ್ರ ಕಾಳಿನ ಪೊಟ್ಟಣ ತಂದರೆ ಈ ಚೆಲ್ಲಾಟ ಹೆಚ್ಚು. ಜೋಳ, ಗೋಧಿ ಬಿಟ್ಟು ನವಣೆ, ಸಜ್ಜೆಯಂಥ ಸಣ್ಣ ಕಾಳನ್ನಷ್ಟೇ ತುಂಬಿ. ಒಂದೇ ದಿನಕ್ಕೆ ಮುಗಿಯುವಷ್ಟು ಹಾಕಿ, ಸಂಜೆ ಕೆಳಗೆ ಗುಡಿಸಿ. ಪೊರಕೆಯ ಕೆಲಸ ಅಷ್ಟೇ. ಅನ್ನ, ಬ್ರೆಡ್ಡು ಇಟ್ಟರೆ ಕಾಗೆಗೆ ಕರೆಯೋಲೆ ಕಳಿಸಿದಂತೆ.

ವಾರಕ್ಕೊಮ್ಮೆ ಬಾಟಲಿ, ಜಾಲರಿ ಎರಡನ್ನೂ ತೊಳೆದು ಪೂರ್ತಿ ಒಣಗಿಸಿ. ಒಂದೇ ಕಡೆ ಹಿಂಡು ಸೇರಿದಾಗ ಎಂಜಲು, ಹಿಕ್ಕೆಯಿಂದ ರೋಗ ಹರಡುತ್ತದೆ. ಪಾರಿವಾಳಗಳಲ್ಲಿ ಮಾಮೂಲಾದ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ 2005ರಲ್ಲಿ ಬ್ರಿಟನ್ನಿನ ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಹಕ್ಕಿಗಳಿಗೆ ಅಂಟಿ, ಅವುಗಳಲ್ಲೊಂದಾದ ಗ್ರೀನ್‌ಫಿಂಚ್‌ಗಳ ಸಂಖ್ಯೆಯನ್ನೇ ಇಳಿಸಿಬಿಟ್ಟಿತು. ಗರಿ ಉಬ್ಬಿಸಿಕೊಂಡು, ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿ. ಕಲ್ಲೆದೆ ಅನ್ನಿಸಬಹುದು, ಆದರೂ ನಿಲ್ಲಿಸಿ.

ಪ್ರಶ್ನೆ: ಪಂಜರ ತೂಗುಹಾಕಿ ನಾಲ್ಕು ದಿನವಾಯಿತು. ಪಾರಿವಾಳವೂ ಇಲ್ಲ, ಗುಬ್ಬಿಯೂ ಇಲ್ಲ!

ಉತ್ತರ: ನಾಲ್ಕೇ ದಿನವೇ? ಗುಬ್ಬಿ ಮಹಾ ಅನುಮಾನದ ಹಕ್ಕಿ. ನನ್ನ ಪಂಜರಕ್ಕೆ ಮೊದಲ ಗುಬ್ಬಿ ಬಂದದ್ದು ಒಂಬತ್ತನೆಯ ದಿನ, ಕತ್ತಿನಡಿ ಕಪ್ಪು ಮಚ್ಚೆಯ ಗಂಡು. ಜಾಲರಿ ಮೇಲೆ ಕೂತು, ತಲೆ ಆಚೆ ಈಚೆ ತಿರುಗಿಸಿ, ರೆಕ್ಕೆ ಮೈಗೆ ಒತ್ತಿಕೊಂಡು ಒಳಗಿಳಿಯಿತು. ಒಂದು ಕಾಳು ತೆಗೆದುಕೊಂಡು ಪರಾರಿ. ಅರ್ಧ ಗಂಟೆಯಲ್ಲಿ ಇನ್ನಿಬ್ಬರನ್ನು ಕರೆತಂದಿತ್ತು.

ನಿಮ್ಮ ಪಂಜರ ಬಟ್ಟಬಯಲಲ್ಲಿ ತೂಗುತ್ತಿದೆಯೇ ನೋಡಿ. ಗಿಡುಗ ಬಂದರೆ ನುಗ್ಗಿ ಅವಿತುಕೊಳ್ಳಲು ಒಂದು ಪೊದೆ ಎರಡು ಮೀಟರ್ ದೂರದಲ್ಲಿರಬೇಕು. ಅದಕ್ಕಿಂತ ಹತ್ತಿರವೂ ಬೇಡ, ಅಲ್ಲಿ ಬೆಕ್ಕು ಹೊಂಚು ಹಾಕುತ್ತದೆ. ಹತ್ತು ದಿನಕ್ಕೂ ಬರದಿದ್ದರೆ ಪಂಜರವನ್ನು ಹಳೆಯ ತಟ್ಟೆ ಇದ್ದ ಜಾಗಕ್ಕೇ ಸರಿಸಿ, ತಟ್ಟೆ ತೆಗೆದುಬಿಡಿ.